ಹೊಯ್ಸಳ ಶಾಸನಗಳ ವಾಙ್ಮಯಸೂಚಿ: ಎಂ.ಲಿಬ್. ಪ್ರಾಜೆಕ್ಟಿಗೆ ಎಲ್ಲಿಂದ ಶುರು ಮಾಡುವುದು?

ಸೂಚಿಪೆಟ್ಟಿಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಂ.ಲಿಬ್. (ಗ್ರಂಥಾಲಯ ವಿಜ್ಞಾನ) ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಹೊಯ್ಸಳರ ಕಾಲದ ಶಾಸನಗಳ ಅಧ್ಯಯನ ಕುರಿತು ಟಿಪ್ಪಣಿ ಸಹಿತ ವಾಙ್ಮಯಸೂಚಿ (ಬರಹಗಳ ಪಟ್ಟಿ, ಬಿಬ್ಲಿಯೋಗ್ರಫಿ) ಆಗಬೇಕಿದೆ. ಸುಮಾರು 400 ನಮೂದು, ಕೈಯಲ್ಲಿರುವುದು ಐದು ತಿಂಗಳು. ಪುಸ್ತಕ, ಪತ್ರಿಕಾ ಲೇಖನ, ಪಿಎಚ್.ಡಿ. ಪ್ರಬಂಧ ಮೂರೂ ಸೇರಬೇಕು. ಕನ್ನಡ, ಇಂಗ್ಲಿಷ್ ಎರಡೂ. ತಿಳಿದವರು ದಯವಿಟ್ಟು ಇವಕ್ಕೆ ಉತ್ತರಿಸಿ:

1. ವ್ಯಾಪ್ತಿಯನ್ನು ಎಲ್ಲಿಗೆ ಕಟ್ಟಬೇಕು?
2. ಎಪಿಗ್ರಾಫಿಯಾ ಕರ್ನಾಟಿಕಾ (ಶಾಸನಪಾಠಗಳನ್ನು ಅಚ್ಚು ಮಾಡಿದ ಗ್ರಂಥಮಾಲೆ) ಹಳೆಯ ಸಂಪುಟ, ಹೊಸ ಸಂಪುಟಗಳ ಸಂಖ್ಯೆ ತಾಳೆಯಾಗುತ್ತಿಲ್ಲ. ಯಾವುದನ್ನು ಹಾಕುವುದು?
3. ಡ್ಯೂಯಿ ವರ್ಗಸಂಖ್ಯೆ (ಗ್ರಂಥಾಲಯದಲ್ಲಿ ವಿಷಯವಾರು ಪುಸ್ತಕಕ್ಕೆ ಕೊಡುವ ಸಂಖ್ಯೆ) ಪ್ರಕಾರ ಜೋಡಿಸಿದರೆ ಸಾಕೆ?
4. ಎಕ್ಸೆಲ್‌ನಲ್ಲಿ ಕನ್ನಡ ಹೆಸರುಗಳ ಅಕಾರಾದಿ ಸರಿಯಾಗಿ ಬರುತ್ತಿಲ್ಲ, ಒಬ್ಬನೇ ಲೇಖಕ ಎರಡು ಕಡೆ ಕಾಣಿಸುತ್ತಾನೆ. ಏನು ಕಾರಣ?
5. ಇಷ್ಟು ಕೆಲಸ ನೆಟ್ ಪರೀಕ್ಷೆಗಾಗಲಿ ಉದ್ಯೋಗಕ್ಕಾಗಲಿ ಉಪಯೋಗಕ್ಕೆ ಬರುತ್ತದೆಯೆ?

---

ಅಕಾರಾದಿ ಉತ್ತರ:

ಮೊದಲ ವಾರ ಒಂದು ನಮೂದನ್ನೂ ಬರೆಯಬೇಡಿ. ಒಂದು ಪುಟದ ವ್ಯಾಪ್ತಿ ಹೇಳಿಕೆ ಬರೆದು ಮಾರ್ಗದರ್ಶಕರ ಸಹಿ ಹಾಕಿಸಿಕೊಳ್ಳಿ. ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಅದರಲ್ಲಿ ಬಿಡಿಸಿ ಬರೆದಿರಬೇಕು. ಇದಿಲ್ಲದಿದ್ದರೆ ಮೂರನೇ ತಿಂಗಳಲ್ಲಿ ಬೇಲೂರು, ಹಳೇಬೀಡಿನ ಶಿಲ್ಪಕಲೆಯ ಪುಸ್ತಕಗಳೆಲ್ಲ ಒಳಗೆ ನುಗ್ಗಿ 400 ಹೋಗಿ 900 ಆಗುತ್ತದೆ. ಹೀಗೊಂದು ಗೆರೆ ಎಳೆಯಬಹುದು: ಶಾಸನವೇ ಮುಖ್ಯ ಆಕರವಾಗಿರುವ ಬರಹ ಒಳಗೆ, ಶಾಸನವನ್ನು ಅಡಿಟಿಪ್ಪಣಿಯಲ್ಲಿ ಮಾತ್ರ ಹೆಸರಿಸುವ ಕಲಾವಿಮರ್ಶೆ ಹೊರಗೆ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರ. ಹೊಯ್ಸಳ ಶಾಸನ ಎಂದರೆ ಕನ್ನಡ ಶಾಸನ ಮಾತ್ರ ಅಲ್ಲ. ಸೋಮೇಶ್ವರನ ಕಾಲಕ್ಕೆ ಶ್ರೀರಂಗದ ಹತ್ತಿರದ ಕಣ್ಣನೂರು ರಾಜಧಾನಿಯಾಗಿತ್ತು, ಕೋಲಾರದ ಕಡೆಯೂ ತಮಿಳು ಶಾಸನಗಳಿವೆ. ಅವುಗಳ ಮೇಲಿನ ತಮಿಳು ಬರಹಗಳನ್ನು ಓದಲು ಆಗದಿದ್ದರೆ ಬಿಡಿ, ತೊಂದರೆಯಿಲ್ಲ. ಬಿಟ್ಟಿದ್ದೇನೆ ಎಂದು ವ್ಯಾಪ್ತಿ ಹೇಳಿಕೆಯಲ್ಲಿ ಬರೆದರೆ ಅದು ಮಿತಿ, ಬರೆಯದಿದ್ದರೆ ಅದೇ ತಪ್ಪು.

ಹುಡುಕಾಟದ ಬಗ್ಗೆ. ಸಾಹಿತ್ಯ ಅಕಾಡೆಮಿಯ ಭಾರತೀಯ ಸಾಹಿತ್ಯದ ರಾಷ್ಟ್ರೀಯ ಗ್ರಂಥಸೂಚಿ 1901ರಿಂದ 1953ರ ತನಕದ್ದು. ಕನ್ನಡ ಇರುವುದು ಎರಡನೆಯ ಸಂಪುಟದಲ್ಲಿ. ಕೋಲ್ಕತ್ತದ ಸೆಂಟ್ರಲ್ ರೆಫರೆನ್ಸ್ ಲೈಬ್ರರಿ ತರುವ ಇಂಡಿಯನ್ ನ್ಯಾಷನಲ್ ಬಿಬ್ಲಿಯೋಗ್ರಫಿ ಶುರುವಾದದ್ದು 1957ರ ಕೊನೆಗೆ. ಹಾಗಾಗಿ 1954ರಿಂದ 1957ರ ನಡುವಿನ ಕನ್ನಡ ಪುಸ್ತಕ ಎರಡರಲ್ಲೂ ಇರುವುದಿಲ್ಲ. ಆ ಸಂದಿಯನ್ನು ಗ್ರಂಥಾಲಯದ ಹಳೆಯ ಕಾರ್ಡ್ ಕ್ಯಾಟಲಾಗಿನಲ್ಲೇ ಹುಡುಕಬೇಕು. 1957ರ ನಂತರದ್ದರಲ್ಲೂ ಇರುವುದು 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಪ್ರಕಾಶಕರು ಕಳಿಸಿದ ಪ್ರತಿಗಳು ಮಾತ್ರ. ಕಳಿಸದವರ ಪುಸ್ತಕ ಅಲ್ಲಿಲ್ಲ, ಮಠಗಳು ಮತ್ತು ಊರಿನ ಸಂಘಗಳು ತಂದ ಪುಸ್ತಕಗಳಲ್ಲಿ ಇದು ಹೆಚ್ಚು. ಪತ್ರಿಕಾ ಲೇಖನಗಳಂತೂ ಅಲ್ಲಿ ಸಿಗುವುದೇ ಇಲ್ಲ.

ಈ ಎರಡು ಸೂಚಿಗಳೂ ರೋಮನ್ ಲಿಪಿಯಲ್ಲಿವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕ್ಯಾಟಲಾಗಿನಲ್ಲೂ ಹಾಗೆಯೇ. 1962ರಿಂದ ದೆಹಲಿ ಕಚೇರಿಯ ಮೂಲಕ ಕನ್ನಡ ಪುಸ್ತಕ ಕೊಂಡದ್ದರಿಂದ ಅಲ್ಲಿ ಸಂಗ್ರಹ ಚೆನ್ನಾಗಿದೆ. ಆದರೆ ಅಲ್ಲಿ ‘ಶಾಸನ’ವನ್ನು ಎಸ್, ಎಚ್ ಎರಡೂ ಹಾಕಿ ಹುಡುಕಿದರೆ ಸಿಗುವುದಿಲ್ಲ. ಅವರ ಪದ್ಧತಿಯಲ್ಲಿ ಶ ಎಂದರೆ ಮೇಲೊಂದು ಗೀಟಿರುವ ಬರೀ ಎಸ್, ಚ ಎಂದರೆ ಬರೀ ಸಿ. ‘ಚರಿತ್ರೆ’ಗೆ ಸಿ ಒಂದೇ, ಪಕ್ಕದಲ್ಲಿ ಎಚ್ ಬೇಡ. ಗೀಟು, ಚುಕ್ಕೆ ಬಿಟ್ಟು ಬರೀ ಅಕ್ಷರ ಟೈಪ್ ಮಾಡಿದರೆ ಸಾಕು. ಹಳೆಯ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅಲ್ಲಿ ಶೀರ್ಷಿಕೆಗಳನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡಿದ್ದಾರೆ. ‘ಶಾಸನಗಳು’ ಎಂಬ ಒಂದು ಪದಕ್ಕೇ ನಾಲ್ಕೈದು ಕಾಗುಣಿತ ಹಾಕಿ ನೋಡಬೇಕು. ಸಂಪುಟಸಂಖ್ಯೆ, ವರ್ಷಗಳನ್ನು ಅಲ್ಲಿನ ಪರಿಚಯಪಟ್ಟಿಯಿಂದ ತೆಗೆದುಕೊಳ್ಳಬೇಡಿ. ಸ್ಕ್ಯಾನ್ ತೆರೆದು ಶೀರ್ಷಿಕೆ ಪುಟ ನೋಡಿಯೇ ಬರೆದುಕೊಳ್ಳಿ.

ಲೇಖನಗಳಿಗೆ: ಪರಿಷತ್ಪತ್ರಿಕೆ, ಪ್ರಬುದ್ಧ ಕರ್ನಾಟಕ, ಮಿಥಿಕ್ ಸೊಸೈಟಿಯ ತ್ರೈಮಾಸಿಕ, ಇತಿಹಾಸ ದರ್ಶನ, ಸ್ಟಡೀಸ್ ಇನ್ ಇಂಡಿಯನ್ ಎಪಿಗ್ರಫಿ. ಇವನ್ನು ಸಂಪುಟ ಸಂಪುಟವಾಗಿ ಕೈಯಲ್ಲಿ ಹಿಡಿದು ಪರಿವಿಡಿ ತಿರುವಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ದಿನಕ್ಕೆ 12ರಿಂದ 15 ಸಂಪುಟ ನೋಡಬಹುದು ಎಂದು ಲೆಕ್ಕ ಹಾಕಿಕೊಳ್ಳಿ. ಅಭಿನಂದನ ಗ್ರಂಥ, ಸಂಸ್ಮರಣ ಗ್ರಂಥಗಳನ್ನು ಮರೆಯಬೇಡಿ. ಕನ್ನಡದಲ್ಲಿ ಶಾಸನದ ಮೇಲಿನ ಒಳ್ಳೆಯ ಲೇಖನಗಳಲ್ಲಿ ದೊಡ್ಡ ಪಾಲು ಅವುಗಳಲ್ಲಿ ಹುದುಗಿಕೊಂಡಿದೆ, ಕ್ಯಾಟಲಾಗಿನಲ್ಲಿ ಗ್ರಂಥದ ಹೆಸರೊಂದು ಬಿಟ್ಟರೆ ಏನೂ ಕಾಣದು. ಅಂಥ ಪ್ರತಿ ಲೇಖನಕ್ಕೂ ಬೇರೆಯೇ ವಿಶ್ಲೇಷಣಾತ್ಮಕ ನಮೂದು ಮಾಡಿ.

ಕೊನೆಯದಾಗಿ, ಬಹಳ ಮುಖ್ಯವಾದದ್ದು. ಕಣ್ಣಾರೆ ಕಂಡ ನಮೂದಿಗೂ ಬೇರೆಯವರ ಗ್ರಂಥಋಣದಿಂದ ಎತ್ತಿದ ನಮೂದಿಗೂ ವ್ಯತ್ಯಾಸ ತೋರಿಸಿ. ಕಾಣದಿರುವುದರ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿದರಾಯಿತು. ಒಂದು ಪ್ರಬಂಧದಲ್ಲಿ ಬಿದ್ದ ತಪ್ಪು ಪುಟಸಂಖ್ಯೆ ಹತ್ತು ಪ್ರಬಂಧಗಳಿಗೆ ಹಾಗೇ ದಾಟಿಕೊಂಡು ಬರುವುದು ಈ ಗುರುತು ಇಲ್ಲದ್ದರಿಂದಲೇ. 400ರಲ್ಲಿ 60ಕ್ಕಿಂತ ಹೆಚ್ಚು ನಕ್ಷತ್ರ ಬಿದ್ದರೆ ನಮೂದುಗಳ ಸಂಖ್ಯೆಯನ್ನೇ ಇಳಿಸಿ.

---

ಕಲ್ಬರಹ ಉತ್ತರ:

ಎರಡನೇ ಪ್ರಶ್ನೆಗೆ. ಎಪಿಗ್ರಾಫಿಯಾ ಕರ್ನಾಟಿಕಾ ಎರಡು ಮಾಲೆ. ಬಿ.ಎಲ್. ರೈಸ್ ಅವರ ಹಳೆಯ ಮಾಲೆ 1886ರ ಕೊಡಗು ಸಂಪುಟದಿಂದ ಶುರುವಾಗಿ ಜಿಲ್ಲಾವಾರು 12 ಸಂಪುಟಕ್ಕೆ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಮಾಲೆಯ ಸಂಪುಟ ವಿಭಜನೆಯೇ ಬೇರೆ. ಹಳೆಯದರಲ್ಲಿ ಬೇಲೂರು ತಾಲ್ಲೂಕು ಇರುವುದು 5ನೆಯ ಸಂಪುಟವಾದ ಹಾಸನ ಜಿಲ್ಲೆಯಲ್ಲಿ. ಹೊಸದರಲ್ಲಿ ಹಾಸನ 8, ಬೇಲೂರು 9. ಬರೀ ‘ಎ.ಕ. 5’ ಎಂದು ಬರೆದರೆ ಓದುವವರು ಹೊಸ ಮಾಲೆಯ ಮೈಸೂರು ಸಂಪುಟ ತೆಗೆದು ತಡಕಾಡುತ್ತಾರೆ.

ಶ್ರವಣಬೆಳಗೊಳವನ್ನು ನೋಡಿ, ಗಂಟು ಎಷ್ಟು ಬಿಗಿಯಿದೆ ಎಂದು ಗೊತ್ತಾಗುತ್ತದೆ. ಎರಡನೆಯ ಸಂಪುಟ ಮೂರು ಸಲ ಬಂದಿದೆ. 1889ರ ರೈಸ್ ಆವೃತ್ತಿಯಲ್ಲಿ 144 ಶಾಸನ. ಆರ್. ನರಸಿಂಹಾಚಾರ್ ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ 500. 1973ರದ್ದರಲ್ಲಿ 573. ಮೂರಕ್ಕೂ ಸಂಪುಟಸಂಖ್ಯೆ 2 ಅಂತಲೇ, ಒಳಗಿನ ಕ್ರಮಸಂಖ್ಯೆ ಮಾತ್ರ ಬೇರೆ ಬೇರೆ. 1920ಕ್ಕೆ ಮುಂಚಿನ ಲೇಖಕ ‘ಶ್ರವಣಬೆಳಗೊಳ 53’ ಎಂದರೆ ಅದು ಮೊದಲ ಆವೃತ್ತಿಯದ್ದು. 1950ರ ಲೇಖಕ ಅದನ್ನೇ ಬರೆದರೆ ಬಹುಮಟ್ಟಿಗೆ ಎರಡನೆಯದರದ್ದು, ಆದರೆ ಹಳೆಯ ಪುಸ್ತಕ ಮುಂದಿಟ್ಟುಕೊಂಡು ಬರೆದಿರಲೂಬಹುದು. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಶಾಸನದ ಸಂಖ್ಯೆ ಬಂದಾಗಲೆಲ್ಲ ಆವೃತ್ತಿಯ ವರ್ಷ ಜೊತೆಗಿರಲಿ: ‘ಎ.ಕ. 2 (1923), ಸಂ. ಇಷ್ಟು’.

ಸೂಚಿಯ ಕೊನೆಗೆ ಸಂಖ್ಯಾ ತಾಳೆಪಟ್ಟಿ ಒಂದನ್ನು ಕೊಡಿ. ಮೊದಲ ಕಾಲಂ ಊರು, ಎರಡನೆಯದು ಹಳೆಯ ಮಾಲೆಯ ಸಂಖ್ಯೆ, ಮೂರನೆಯದು ಪರಿಷ್ಕೃತ ಮಾಲೆಯ ಸಂಖ್ಯೆ, ನಾಲ್ಕನೆಯದು ನಿಮ್ಮ ನಮೂದು ಸಂಖ್ಯೆ. ನಿಮ್ಮ 400 ಬರಹಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವ ನೂರು, ನೂರಿಪ್ಪತ್ತು ಶಾಸನಗಳಿಗೆ ಮಾಡಿದರೆ ಸಾಕು. ಇಡೀ ಪ್ರಾಜೆಕ್ಟಿನಲ್ಲಿ ಸಂಶೋಧಕರು ಹುಡುಕಿಕೊಂಡು ಬರುವ ಭಾಗ ಇದೇ ಆಗಿರುತ್ತದೆ. ಇದಕ್ಕೆ ಒಂದು ತಿಂಗಳು ಎತ್ತಿಡಿ.

ಪುಟಸಂಖ್ಯೆಯನ್ನು ನಂಬಬೇಡಿ. ಹಳೆಯ ಸಂಪುಟಗಳಲ್ಲಿ ಅನುವಾದ, ರೋಮನ್ ಪಾಠ, ಕನ್ನಡ ಪಾಠ ಇವಕ್ಕೆ ಪುಟಸಂಖ್ಯೆ ಬೇರೆ ಬೇರೆಯಾಗಿ ಒಂದರಿಂದ ಶುರುವಾಗುತ್ತದೆ. ‘ಪು. 45’ ಎಂದರೆ ಯಾವ 45? ತಾಲ್ಲೂಕಿನ ಹೆಸರು ಮತ್ತು ಕ್ರಮಸಂಖ್ಯೆಯೇ ಗಟ್ಟಿ.

ಸ್ಥಳ ಸೂಚಿ ಮಾಡುವಾಗ ಎರಡು ತೊಡಕು. ಒಂದು, ಊರ ಹೆಸರು. ಶಾಸನದಲ್ಲಿ ಬಳ್ಳಿಗಾವೆ, ಈಗ ಬಳ್ಳಿಗಾವಿ, ಹಳೆಯ ಇಂಗ್ಲಿಷ್ ಬರಹದಲ್ಲಿ ಬೆಳಗಾಮಿ. ಅದನ್ನು ಬೆಳಗಾವಿ ಎಂದು ತಿಳಿದು ಸುಮಾರು ಇನ್ನೂರು ಕಿಲೋಮೀಟರ್ ಆಚೆ ಹಾಕಿಬಿಡುವ ಅಪಾಯ ನಿಜಕ್ಕೂ ಇದೆ. ಇಂದಿನ ಹೆಸರಿನ ಅಡಿಯಲ್ಲಿ ನಮೂದಿಸಿ, ಉಳಿದವುಗಳಿಂದ ‘ನೋಡಿ’ ಉಲ್ಲೇಖ ಕೊಡಿ. ಎರಡು, ಜಿಲ್ಲೆ. ಹಳೆಯ 7ನೆಯ ಸಂಪುಟ ಶಿವಮೊಗ್ಗ ಜಿಲ್ಲೆಯದ್ದು, ಅದರಲ್ಲಿ ಹೊನ್ನಾಳಿ, ಚನ್ನಗಿರಿ ಸೇರಿವೆ. 1997ರಿಂದ ಅವು ದಾವಣಗೆರೆ ಜಿಲ್ಲೆಗೆ ಸೇರಿದವು. ಸಂಪುಟದ ಜಿಲ್ಲೆಯನ್ನು ಇದ್ದ ಹಾಗೇ ಉಳಿಸಿ, ಸ್ಥಳ ಸೂಚಿಯಲ್ಲಿ ಇಂದಿನ ಜಿಲ್ಲೆ ಕೊಡಿ.

ಎಪಿಗ್ರಾಫಿಯಾ ಕರ್ನಾಟಿಕಾ ಹಳೆಯ ಮೈಸೂರು ಮತ್ತು ಕೊಡಗಿನ ಗಡಿಯೊಳಗಿನದ್ದು. ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ ಹೊಯ್ಸಳರ ಆಳ್ವಿಕೆ ತುಂಗಭದ್ರೆ ದಾಟಿತ್ತು. ಗದಗ, ಹಾವೇರಿ, ಬಳ್ಳಾರಿ ಕಡೆಯ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ನೋಡಬೇಕು: ಹಳೆಯ ಮದರಾಸು ಪ್ರಾಂತದ ಕನ್ನಡ ಶಾಸನಗಳು 9ನೆಯ ಸಂಪುಟದಲ್ಲಿ, ಮುಂಬಯಿ ಕರ್ನಾಟಕದವು 11, 15, 18, 20ರಲ್ಲಿ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲೂ ಬಹಳ ಇವೆ. ಅವುಗಳಲ್ಲಿ ವರದಿಯ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಎರಡನ್ನೂ ಕೊಡಿ.

---

ಸೂಚಿಪೆಟ್ಟಿಗೆ:

ಇಬ್ಬರಿಗೂ ತುಂಬಾ ಧನ್ಯವಾದ. ತಾಳೆಪಟ್ಟಿ ಖಂಡಿತ ಸೇರಿಸುತ್ತೇನೆ. ಜೋಡಣೆ ಮತ್ತು ಅಕಾರಾದಿ ಬಗ್ಗೆ ಯಾರಾದರೂ ಬಿಡಿಸಿ ಹೇಳುವಿರಾ? ಈಗ ಎಕ್ಸೆಲ್‌ನಲ್ಲಿ 130 ನಮೂದು ಇವೆ, ಅರ್ಧ ಹಳೆಯ ನುಡಿ ಫಾಂಟಿನ ಕಡತದಿಂದ ಪರಿವರ್ತಿಸಿದ್ದು.

---

ಒತ್ತಕ್ಷರ ಉತ್ತರ:

130 ಇರುವಾಗಲೇ ಕೇಳಿದ್ದು ಒಳ್ಳೆಯದಾಯಿತು, 400 ಆದಮೇಲೆ ಬಿಡಿಸುವುದು ಕಷ್ಟ.

ಮೊದಲು ಪರಿವರ್ತನೆಯ ತಪ್ಪು ತೆಗೆಯಿರಿ. ನುಡಿ ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಟೈಪ್ ಆಗುತ್ತದೆ, ಯೂನಿಕೋಡಿನಲ್ಲಿ ರ್ ಮುಂಚೆ ಬರಬೇಕು. ಪರಿವರ್ತಕ ಸರಿಯಿಲ್ಲದಿದ್ದರೆ ಕರ್ನಾಟಕ ಹೋಗಿ ‘ಕನಾರ್ಟಕ’ ಆಗುತ್ತದೆ. ಆ ತಪ್ಪು ರೂಪವನ್ನೇ ಹುಡುಕಿ ನೋಡಿ. ಒಂದು ಸಿಕ್ಕಿದರೂ ಇಡೀ ಕಡತದ ಅರ್ಕಾವತ್ತುಗಳೆಲ್ಲ ಅನುಮಾನ ಎಂದೇ ತಿಳಿದು ಮೂಲ ಕಡತವನ್ನು ಬೇರೆ ಪರಿವರ್ತಕದಲ್ಲಿ ಹಾಕಿ.

ಒಬ್ಬ ಲೇಖಕ ಎರಡು ಕಡೆ ಬರುವುದಕ್ಕೆ ಕಾರಣ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಅಕ್ಷರ. ‘ರೈಸ್’ ಎಂಬುದರ ಕೊನೆಗೆ ಕೆಲವು ಕೀಲಿಮಣೆಗಳು ಶೂನ್ಯ ಅಗಲದ ಒಂದು ಬೇರ್ಪಡಿಕೆ ಚಿಹ್ನೆ ಸೇರಿಸುತ್ತವೆ. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಹೆಸರು. ಲೇಖಕರ ಕಾಲಂನಲ್ಲಿ ಪದದ ಕೊನೆಗಿರುವ ಅಂಥವನ್ನೆಲ್ಲ ಅಳಿಸಿ. ಪದದ ನಡುವಿನವನ್ನು ಅಳಿಸಬೇಡಿ, ‘ರಾಜ್‌ಕುಮಾರ್’ ಥರದವು ಒತ್ತಾಗಿಬಿಡುತ್ತವೆ. ಆಮೇಲೆ ಇಡೀ ಕಡತವನ್ನು ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ (ತುಂಡು ಚಿಹ್ನೆಗಳನ್ನು ಕೂಡಿಸಿ ಒಂದಾಗಿಸುವ ಪ್ರಮಾಣಿತ ರೂಪ) ತನ್ನಿ. ಓತ್ವವನ್ನು ಬಿಡಿ ಬಿಡಿ ತುಂಡುಗಳಾಗಿ ಉಳಿಸುವ ತಂತ್ರಾಂಶಗಳಿವೆ, ಅದೂ ಇದರಿಂದ ಸರಿಹೋಗುತ್ತದೆ.

ಇನ್ನು ಅಕಾರಾದಿ. ಗಲಾಟೆ ಮಾಡುತ್ತಿರುವುದು ಳ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಯೂನಿಕೋಡಿನ ಕೋಷ್ಟಕದಲ್ಲಿ ಅದನ್ನು ಲ ಮತ್ತು ವ ನಡುವೆ ಇಟ್ಟಿದ್ದಾರೆ. ಹಾಗಾಗಿ ಬರೀ ಕೋಡ್ ಕ್ರಮದಲ್ಲಿ ಜೋಡಿಸಿದರೆ ಕಳಸ, ಕವಿ, ಕಹಳೆ ಎಂದು ಬರುತ್ತದೆ. ನಿಘಂಟಿನ ಕ್ರಮ ಕವಿ, ಕಹಳೆ, ಕಳಸ. ಈ ಮೂರು ಪದಗಳನ್ನೇ ಹಾಕಿ ನಿಮ್ಮ ತಂತ್ರಾಂಶವನ್ನು ಪರೀಕ್ಷಿಸಿ. ಲಿಬ್ರೆ ಆಫೀಸಿನಲ್ಲಿ ವಿಂಗಡಣೆಯ ಭಾಷೆ ಕನ್ನಡ ಎಂದು ಆರಿಸಿ ನೋಡಿ. ಆಗಲೂ ತಪ್ಪಿದರೆ ವಿಂಗಡಣೆಗೆಂದೇ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ಳ ಇರುವ ಕಡೆಯೆಲ್ಲ ಅವಗ್ರಹ (ಽ) ಹಾಕಿ. ಅವಗ್ರಹ ಕೋಡ್ ಕೋಷ್ಟಕದಲ್ಲಿ ಹ ನಂತರ, ದೀರ್ಘದ ಗುರುತಿಗೆ ಮುಂಚೆ ಕೂತಿದೆ. ಆ ಕಾಲಂ ಹಿಡಿದು ಪೈಥಾನ್‌ನಂಥ ಬರೀ ಕೋಡ್ ಕ್ರಮ ನೋಡುವ ಸಾಧನದಲ್ಲಿ ವಿಂಗಡಿಸಿದರೆ ಳ ತನ್ನ ಜಾಗಕ್ಕೆ ಬರುತ್ತದೆ. ಭಾಷೆಯ ನಿಯಮ ನೋಡುವ ತಂತ್ರಾಂಶದಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಅವಗ್ರಹಕ್ಕೆ ಬೇರೆ ಬೆಲೆ ಇರಬಹುದು.

ನಮೂದು ಮಾಡಲು ಎಕ್ಸೆಲ್ ಬಿಟ್ಟು ಜೊಟೆರೊ ಎಂಬ ಆಕರ ದಾಖಲಿಸುವ ತಂತ್ರಾಂಶಕ್ಕೆ ಬನ್ನಿ, ಉಚಿತ. ಪಿಡಿಎಫ್ ಇಡಲು ಸಿಗುವ ಉಚಿತ ಜಾಗ 300 ಎಂ.ಬಿ. ಮಾತ್ರ, ಸ್ಕ್ಯಾನ್ ಕಡತಗಳನ್ನು ನಿಮ್ಮ ಡಿಸ್ಕಿನಲ್ಲೇ ಇಟ್ಟುಕೊಳ್ಳಿ. ಹಳೆಯ, ಹೊಸ ಶಾಸನಸಂಖ್ಯೆಗಳನ್ನು ‘ಎಕ್ಸ್‌ಟ್ರಾ’ ಖಾನೆಯಲ್ಲಿ, ಊರನ್ನು ಟ್ಯಾಗಿನಲ್ಲಿ ಹಾಕಿ. ಕ್ರಮಸಂಖ್ಯೆಯನ್ನು ಕೊನೆಯ ದಿನದ ತನಕ ಕೊಡಬೇಡಿ. ನಡುವೆ ಒಂದು ನಮೂದು ಸೇರಿದರೆ ಎಲ್ಲ ಸೂಚಿಗಳನ್ನೂ ತಿದ್ದಬೇಕಾಗುತ್ತದೆ.

ಸಂಕ್ಷೇಪಗಳನ್ನು ಈಗಲೇ ತೀರ್ಮಾನಿಸಿ. ‘ಸಂ.’ ಎಂದರೆ ಕನ್ನಡದಲ್ಲಿ ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ ನಾಲ್ಕೂ ಆಗುತ್ತದೆ. ಮೇಲೆ ಕಲ್ಬರಹ ಅವರು ಬರೆದದ್ದರಲ್ಲೂ ಅದು ಸಂಖ್ಯೆಯ ಅರ್ಥದಲ್ಲಿ ಬಂದಿದೆ. ಸಂಪಾ., ಸಂಪು., ಸಂಚಿ., ಸಂಖ್ಯೆ ಎಂದು ಬಿಡಿಸಿಕೊಂಡರೆ ಗೊಂದಲವಿಲ್ಲ.

---

ಪರಾಮರ್ಶನ ಉತ್ತರ:

ಜೋಡಣೆ ಮತ್ತು ಹೆಸರುಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಡ್ಯೂಯಿ ಪ್ರಕಾರ ಜೋಡಿಸಬೇಡಿ. ಡ್ಯೂಯಿ ಕಪಾಟಿಗೆ ಹೇಳಿ ಮಾಡಿಸಿದ್ದು. ನಿಮ್ಮ 400ರಲ್ಲಿ ಬಹುಪಾಲು ಕರ್ನಾಟಕ ಇತಿಹಾಸದ 954.87ಕ್ಕೋ ಕನ್ನಡ ಭಾಷೆಯ 494.814ಕ್ಕೋ ಬಂದು ರಾಶಿ ಬೀಳುತ್ತವೆ. ವಿಷಯವನ್ನು ನೋಡಿ ನಿಮ್ಮದೇ ವಿಭಾಗ ಮಾಡಿ: ಶಾಸನಪಾಠದ ಪ್ರಕಟಣೆಗಳು, ಲಿಪಿ ಮತ್ತು ಭಾಷೆ, ರಾಜಕೀಯ ಇತಿಹಾಸ, ಆಡಳಿತ ಮತ್ತು ತೆರಿಗೆ, ಅಗ್ರಹಾರ ಮತ್ತು ದತ್ತಿ, ಜೈನ ಬಸದಿ, ವೀರಗಲ್ಲು ಮತ್ತು ಗರುಡರು. ಗರುಡ ಪದ್ಧತಿ, ಅಂದರೆ ಒಡೆಯನ ಜೊತೆ ಪ್ರಾಣ ಬಿಡುವ ಪ್ರತಿಜ್ಞೆ, ಹೊಯ್ಸಳರಲ್ಲಿ ಎದ್ದು ಕಾಣುವ ವಿಷಯ, ಅದಕ್ಕೆ ಬೇರೆ ವಿಭಾಗವೇ ಇರಲಿ. ಒಂದು ಬರಹ ಎರಡು ವಿಭಾಗಕ್ಕೆ ಸೇರುವಂತಿದ್ದರೆ ಪೂರ್ಣ ನಮೂದು ಒಂದೇ ಕಡೆ, ಇನ್ನೊಂದು ಕಡೆ ಅದರ ಸಂಖ್ಯೆ. ವಿಷಯಸೂಚಿಗೆ ರಂಗನಾಥನ್ ಅವರ ಸರಪಳಿ ವಿಧಾನ (ವರ್ಗಸಂಖ್ಯೆಯ ಒಂದೊಂದು ಕೊಂಡಿಯಿಂದ ವಿಷಯಶೀರ್ಷಿಕೆ ಪಡೆಯುವ ಕ್ರಮ) ಬಳಸಿ. ತರಗತಿಯಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ, ಪರೀಕ್ಷಕರೂ ಗಮನಿಸುತ್ತಾರೆ.

ಹೆಸರು. ಬಿ.ಎಲ್. ರೈಸ್ ಬೇರೆ, 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಬೇರೆ. ಆರ್. ನರಸಿಂಹಾಚಾರ್ ಬೇರೆ, ಡಿ.ಎಲ್. ನರಸಿಂಹಾಚಾರ್ ಬೇರೆ. ಇನಿಷಿಯಲ್ ಬಿಟ್ಟು ಹೆಸರನ್ನಷ್ಟೇ ಉದ್ಧರಿಸುವ ಲೇಖನ ಸಿಕ್ಕಾಗ ವರ್ಷ ನೋಡಿ ತೀರ್ಮಾನಿಸಿ. ಉತ್ತರ ಕರ್ನಾಟಕದವರಿಗೆ ಮನೆತನದ ಹೆಸರು ಕೊನೆಗಿರುತ್ತದೆ, ನಮೂದು ‘ದೇಸಾಯಿ, ಪಿ.ಬಿ.’ ಎಂದಾಗುತ್ತದೆ. ಹಳೆಯ ಮೈಸೂರಿನವರಿಗೆ ಕೊನೆಯದು ಅವರದೇ ಹೆಸರು, ‘ಚಿದಾನಂದಮೂರ್ತಿ, ಎಂ.’ ಎಂದು. ಕಾಣುವುದಕ್ಕೆ ಎರಡೂ ಒಂದೇ ನಿಯಮದಂತಿವೆ. ಆದರೆ ಎಂ.ಎಂ. ಕಲಬುರ್ಗಿ, ಕಲಬುರಗಿ ಎಂಬಂಥ ಎರಡು ಕಾಗುಣಿತ ಬಂದಾಗ ಒಂದನ್ನು ಅಧಿಕೃತ ಮಾಡಿಕೊಂಡು ಇನ್ನೊಂದರಿಂದ ‘ನೋಡಿ’ ಕೊಡಲೇಬೇಕು. ಇದಕ್ಕಾಗಿ ಹೆಸರುಗಳ ಪಟ್ಟಿಯೊಂದನ್ನು ಮೊದಲ ದಿನದಿಂದ ಬೇರೆ ಹಾಳೆಯಲ್ಲಿ ಬೆಳೆಸುತ್ತಾ ಬನ್ನಿ.

‘ಎರಡನೆಯ ಮುದ್ರಣ’ ಎಂಬ ಮಾತು ಕನ್ನಡ ಪುಸ್ತಕಗಳಲ್ಲಿ ಮರುಮುದ್ರಣಕ್ಕೂ ಪರಿಷ್ಕೃತ ಆವೃತ್ತಿಗೂ ಬಳಕೆಯಲ್ಲಿದೆ. ಅರಿಕೆ ಓದಿ, ಪುಟಗಳ ಒಟ್ಟು ಸಂಖ್ಯೆ ಹೋಲಿಸಿ. ವರ್ಷದ ಬದಲು ಸಂವತ್ಸರ ಮಾತ್ರ ಇದ್ದರೆ 60 ವರ್ಷದ ಚಕ್ರ ನೆನಪಿರಲಿ: ಶ್ರೀಮುಖ ಎಂದರೆ 1873–74 ಇರಬಹುದು, 1933–34 ಇರಬಹುದು. ಮುದ್ರಣಾಲಯ, ಕಾಗದ, ಬೆಲೆ ನೋಡಿ ಯಾವುದೆಂದು ನಿರ್ಧರಿಸಿ, ಚೌಕ ಆವರಣದಲ್ಲಿ ಹಾಕಿ.

ಟಿಪ್ಪಣಿ 30ರಿಂದ 70 ಪದ. ‘ಉಪಯುಕ್ತ ಗ್ರಂಥ’, ‘ವಿದ್ವತ್ಪೂರ್ಣ’ ಎಂಬ ಮಾತುಗಳಿಗೆ ಜಾಗವಿಲ್ಲ. ಒಂದು ಮಾದರಿ:

ಚಿದಾನಂದಮೂರ್ತಿ, ಎಂ. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ. ಮೈಸೂರು: ಮೈಸೂರು ವಿಶ್ವವಿದ್ಯಾನಿಲಯ, 1966.
ಕ್ರಿ.ಶ. 450ರಿಂದ 1150ರ ತನಕದ ಕನ್ನಡ ಶಾಸನಗಳಿಂದ ಧರ್ಮ, ಸಮಾಜ, ಬದುಕಿನ ವಿವರಗಳನ್ನು ಸಂಗ್ರಹಿಸುತ್ತದೆ. ಕಾಲಮಿತಿ 1150ಕ್ಕೆ ನಿಲ್ಲುವುದರಿಂದ ಹೊಯ್ಸಳರ ಮಟ್ಟಿಗೆ ವಿಷ್ಣುವರ್ಧನನವರೆಗಿನ ಘಟ್ಟ ಮಾತ್ರ ಸಿಗುತ್ತದೆ. ಇಮ್ಮಡಿ ಬಲ್ಲಾಳ ಮತ್ತು ನಂತರದವರಿಗೆ ಬೇರೆ ಆಕರ ಬೇಕು. ಉಲ್ಲೇಖಗಳು ಎಪಿಗ್ರಾಫಿಯಾ ಕರ್ನಾಟಿಕಾ ಪರಿಷ್ಕೃತ ಮಾಲೆಗೆ ಮುಂಚಿನವು.

ಆ ಕೊನೆಯ ವಾಕ್ಯ ನೋಡಿ. ಪುಸ್ತಕ 1966ರದ್ದು, ಪರಿಷ್ಕೃತ ಮಾಲೆ 1972ರಿಂದ. ತಾಳೆಪಟ್ಟಿಯ ಯಾವ ಕಾಲಂ ನೋಡಬೇಕೆಂದು ಓದುಗನಿಗೆ ಅಲ್ಲೇ ತಿಳಿಯುತ್ತದೆ.

ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಜಾಲತಾಣ ನೋಡಿ. ಕನ್ನಡ ಪ್ರಬಂಧಗಳಲ್ಲಿ ಹಲವು ಬರೀ ಚಿತ್ರರೂಪದ ಸ್ಕ್ಯಾನ್, ಒಳಗಿನ ಪಠ್ಯ ಹುಡುಕಾಟಕ್ಕೆ ಸಿಗದು. ವಿಶ್ವವಿದ್ಯಾಲಯ, ವಿಭಾಗ ಹಿಡಿದು ಇತಿಹಾಸ, ಕನ್ನಡ, ಪುರಾತತ್ತ್ವ ಮೂರರಲ್ಲೂ ಪಟ್ಟಿ ನೋಡಿ. ಒಂದೇ ವಿಷಯದ ಪ್ರಬಂಧ ಮೂರೂ ಕಡೆ ಹಂಚಿಹೋಗಿರುತ್ತದೆ.

ಐದನೇ ಪ್ರಶ್ನೆ. ನೆಟ್‌ನಲ್ಲಿ ನಮ್ಮ ವಿಷಯದ ಸಂಕೇತ 59. ಎರಡನೇ ಪತ್ರಿಕೆಯ 100 ಪ್ರಶ್ನೆಗಳಲ್ಲಿ ಮಾಹಿತಿ ಆಕರಗಳು, ಸೂಚೀಕರಣ, ವರ್ಗೀಕರಣದಿಂದ ಬರುವವುಗಳಿಗೆ ಈ ಕೆಲಸ ನೇರ ತಯಾರಿ. ಸಹಾಯಕ ಗ್ರಂಥಪಾಲಕ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಮತ್ತು ನೆಟ್ ಅಥವಾ ಕೆ-ಸೆಟ್ ಬೇಕು, ಅದಕ್ಕೆ ಬೇರೆಯಾಗಿ ಓದಲೇಬೇಕು. ಬೆಂಗಳೂರಿನ ಡಿ.ಆರ್.ಟಿ.ಸಿ. (ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಕಡೆ ಮುಂದೆ ಹೋಗುವ ಯೋಚನೆಯಿದ್ದರೆ ಈ ದತ್ತಾಂಶವನ್ನು ಮಾರ್ಕ್ 21 (ಗ್ರಂಥಾಲಯ ಕ್ಯಾಟಲಾಗಿನ ಕಂಪ್ಯೂಟರ್ ನಮೂನೆ) ರೂಪಕ್ಕೂ ತಂದಿಡಿ: ಲೇಖನ ಇರುವ ಗ್ರಂಥದ ವಿವರ 773ರಲ್ಲಿ, ರೋಮನ್ ಲಿಪ್ಯಂತರವನ್ನು ಮುಖ್ಯ ಖಾನೆಯಲ್ಲಿಟ್ಟು ಕನ್ನಡ ಲಿಪಿಯ ರೂಪ 880ರಲ್ಲಿ. ಕೊಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಹಾಕಿದರೆ ನಿಮ್ಮ ವಿಭಾಗದ ಗ್ರಂಥಾಲಯದಲ್ಲೇ ಹುಡುಕಲು ಸಿಗುತ್ತದೆ.

---

ಸೂಚಿಪೆಟ್ಟಿಗೆ:

ಕಳಸ, ಕವಿ, ಕಹಳೆ ಹಾಕಿ ನೋಡಿದೆ, ನೀವು ಹೇಳಿದಂತೆ ಕಳಸ ಮೊದಲು ಬಂತು. ‘ಕನಾರ್ಟಕ’ 17 ಕಡೆ ಸಿಕ್ಕಿತು. ಮೂಲ ಕಡತದಿಂದ ಮತ್ತೆ ಪರಿವರ್ತಿಸುತ್ತೇನೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ: ಹಳೆಯ ಶೀರ್ಷಿಕೆಗಳಲ್ಲಿ ೞ, ಱ ಬಂದರೆ ಇಂದಿನ ಅಕ್ಷರಕ್ಕೆ ಬದಲಿಸಬಹುದೆ?

---

ಒತ್ತಕ್ಷರ:

ನಮೂದಿನಲ್ಲಿ ಬದಲಿಸಬೇಡಿ, ಶೀರ್ಷಿಕೆ ಪುಟದಲ್ಲಿ ಇದ್ದಂತೆಯೇ ಇರಲಿ. ವಿಂಗಡಣೆಯ ಕಾಲಂನಲ್ಲಿ ಱ ಇರುವ ಕಡೆ ರ ಹಾಕಿ, ೞ ಇರುವ ಕಡೆ ಳ ಎಂದು ತಿಳಿದು ಅವಗ್ರಹ ಹಾಕಿ. ಶೀರ್ಷಿಕೆ ಸೂಚಿಯಲ್ಲಿ ಇಂದಿನ ಕಾಗುಣಿತದಿಂದ ಒಂದು ‘ನೋಡಿ’ ಕೊಟ್ಟರೆ ಹುಡುಕುವವರಿಗೆ ಎರಡು ದಾರಿಯಿಂದಲೂ ಸಿಗುತ್ತದೆ.